ಗಂಟಲು ದೊಡ್ಡದಾದ ಮೇಲೆ

ನಮ್ಮ ಮನೆಯಲ್ಲಿ ಗಂಟಲಿನ ವಿಷಯದಲ್ಲಿ ದರಿದ್ರನಾದವನು ನಾನೊಬ್ಬನೇ ಎಂದು ಬಹುಕಾಲ ನಂಬಿದ್ದೆ. ನನ್ನ ಮೋಟಾರ್ ಸೈಕಲ್ಲೂ ನನ್ನ ಪಂಗಡಕ್ಕೇ ಸೇರಿದ್ದೆಂಬುದು ತಿಳಿದುಬಂದದ್ದು ಕಳೆದ ಆಷಾಢದ ಒಂದು ಸಂಜೆ.

ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಮನೆಯ ಕಡೆಗೆ ಬರುತ್ತಿದ್ದೆ. ಜಿಟಿಜಿಟಿ ಮಳೆ. ನನ್ನ ಬಲಗಡೆ ಸಾಗುತ್ತಿದ್ದ ಬಸ್ಸೊಂದಕ್ಕೆ ಇದ್ದಕ್ಕಿದ್ದಂತೆ ತನ್ನ ನಿಲ್ದಾಣದ ನೆನಪಾಯಿತು; ಎಡಕ್ಕೆ ಸರಿಯತೊಡಗಿತು. ಅದಕ್ಕೂ ಕಾಲುದಾರಿಯ ಕಲ್ಲಿಗೂ ನಡುವೆ ಇದ್ದ ಜಾಗದಲ್ಲಿ ನಾನಿದ್ದೆ. ಆ ಜಾಗವೋ ಕ್ಷಣಕ್ಷಣಕ್ಕೂ ಕಿರಿದಾಗುತ್ತಿತ್ತು. ಹೆಬ್ಬೆರಳಿನಲ್ಲಿದ್ದ ಬಲವನ್ನೆಲ್ಲ ಪ್ರಯೋಗಿಸಿ ಹಾರನ್ ಒತ್ತಿದೆ. ಹೊರಟ ಧ್ವನಿ, ತಾಯಿಯನ್ನು ಕಾಣದ ಆಡಿನ ಮರಿಯದು. ಬಸ್ಸಿನ ಎಂಜಿನ್ನಿನ ಆರ್ಭಟದಲ್ಲಿ ಅದು ನನಗೇ ಸರಿಯಾಗಿ ಕೇಳಿಸಲಿಲ್ಲ, ಚಾಲಕನಿಗೆ ಕೇಳಿಸೀತೆ? ಬ್ರೇಕು ಹಿಡಿದೆ, ಗಾಡಿ ಜಾರಿತು, ಕಲ್ಲಿಗೆ ಮೊಣಕಾಲು ತಗುಲಿತು. ಬಸ್ಸು ತನ್ನ ಪಾಡಿಗೆ ತಾನು ನಿಂತು, ಜನರನ್ನು ಇಳಿಸಿ, ಹೊರಟುಹೋಯಿತು. ನಾನೊಬ್ಬ ಅಲ್ಲಿದ್ದೆನೆಂಬ ಸಂಗತಿ ಆ ಚಾಲಕನಿಗೆ ಇಂದಿಗೂ ತಿಳಿದಿರಲಾರದು.

ಮನೆಗೆ ಬಂದು ಮೊಣಕಾಲಿಗೆ ಅರಿಶಿನ ಮೆತ್ತಿಸಿಕೊಳ್ಳುತ್ತಿರುವಾಗ ಶ್ರೀಮತಿ ತೀರ್ಪು ಕೊಟ್ಟಳು: “ರೀ, ನಾಳೆಯೇ ಹೋಗಿ ದೊಡ್ಡ ಹಾರನ್ ಹಾಕಿಸಿಕೊಂಡು ಬನ್ನಿ. ನಿಮಗಂತೂ ದನಿಯಿಲ್ಲ, ಗಾಡಿಗಾದರೂ ಇರಲಿ.”

ಮರುದಿನ ಜೆ. ಸಿ. ರಸ್ತೆಗೆ ಹೋದೆ. ಮೋಟಾರು ಸಾಮಾನುಗಳ ಆ ರಾಜಬೀದಿಯಲ್ಲಿ ಹಾರನ್ನುಗಳಿಗೇನು ಬರ! ಒಂದು ಅಂಗಡಿಯಾತ ಮೊದಲು ನನ್ನ ಮುಂದಿಟ್ಟ ಹಾರನ್ ನಾಯಿಯಂತೆ ಬೊಗಳುತ್ತಿತ್ತು, ಮಗುವಿನಂತೆ ಅಳುತ್ತಿತ್ತು, ಕೊನೆಗೆ ಒಂದು ಸಿನಿಮಾ ಹಾಡಿನ ಪಲ್ಲವಿಯನ್ನೂ ಹಾಡಿತು. “ಇದನ್ನೇ ಎಲ್ಲಾ ತಗೊಳ್ತಾರೆ ಸಾರ್” ಎಂದ. ಇಷ್ಟು ವಯಸ್ಸಾದ ಮೇಲೆ ಬೀದಿಯಲ್ಲಿ ಬೊಗಳುತ್ತ ಹೋಗುವುದು ನನ್ನಿಂದಾಗದೆಂದು ಹೇಳಿ, ಬಸವನ ಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿದ್ದ ಒಂದು ಜೊತೆ ಹಾರನ್ನುಗಳನ್ನು ಕೊಂಡೆ. ಒಂದರದು ಮಂದ್ರ, ಇನ್ನೊಂದರದು ತುಸು ಏರಿದ ಶ್ರುತಿ. ಎರಡೂ ಒಟ್ಟಿಗೆ ನುಡಿದರೆ ಕಾರು ಬಂತೆಂದೇ ಭ್ರಮೆ.

ನಮ್ಮ ಬೀದಿಯ ತಿರುವಿನಲ್ಲಿರುವ ಹುಡುಗ ಅರ್ಧ ಗಂಟೆಯಲ್ಲಿ ಅವನ್ನು ಬಿಗಿದುಕೊಟ್ಟ. ಹಳೆಯ ಹಾರನ್ನಿನ ತಂತಿಗಳನ್ನೇ ಹೊಸವಕ್ಕೆ ಸಿಕ್ಕಿಸಿದ, ಹಣ ಎಣಿಸಿಕೊಂಡ. ಮೂರು ದಿನ ರಾಜವೈಭವ. ನಾಲ್ಕನೆಯ ದಿನ ಹೆಬ್ಬೆರಳ ಕೆಳಗಿನ ಗುಂಡಿ ಬಿಸಿಯಾದಂತೆ ತೋರಿತು. ಕಾರ್ಪೊರೇಷನ್ ವೃತ್ತದ ನಟ್ಟನಡುವೆ ಫ್ಯೂಸ್ ಸುಟ್ಟು ಗಾಡಿ ಪೂರ್ಣ ಮೌನವ್ರತ ಹಿಡಿಯಿತು. ಆಡಿನ ಮರಿಯೂ ಇಲ್ಲ, ಆನೆಯೂ ಇಲ್ಲ.

ತಳ್ಳಿಕೊಂಡು ಹೋದದ್ದು ಒಬ್ಬ ವೃದ್ಧ ಮೆಕ್ಯಾನಿಕ್ಕಿನ ಬಳಿಗೆ. ಮೈಸೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ ಗಾಡಿಗಳ 6 ವೋಲ್ಟಿನ ಕಾಲದಿಂದ ಇಂದಿನ 12 ವೋಲ್ಟಿನವರೆಗೆ ಎಲ್ಲವನ್ನೂ ಬಿಚ್ಚಿ ಜೋಡಿಸಿದ ಕೈ ಅವರದು. ತಂತಿಗಳನ್ನು ನೋಡಿ ನಕ್ಕರು. ಅವರು ಅಂದು ಹೇಳಿದ್ದು ಓದುಗರಲ್ಲಿ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆಯುತ್ತೇನೆ.

ಹಾರನ್ನಿನ ಹೊಟ್ಟೆಯಲ್ಲಿರುವುದು ಒಂದು ತೆಳುವಾದ ಲೋಹದ ಪೊರೆ, ಅದರ ಹಿಂದೆ ತಂತಿ ಸುತ್ತಿದ ವಿದ್ಯುತ್ಕಾಂತ. ಗುಂಡಿ ಒತ್ತಿದೊಡನೆ ಕಾಂತವು ಪೊರೆಯನ್ನು ಸೆಳೆಯುತ್ತದೆ. ಸೆಳೆದ ರಭಸಕ್ಕೆ ಒಳಗಿನ ಸಂಪರ್ಕ ತಪ್ಪಿ ವಿದ್ಯುತ್ತು ನಿಲ್ಲುತ್ತದೆ. ಪೊರೆ ಹಿಂದಕ್ಕೆ ಚಿಮ್ಮುತ್ತದೆ. ಸಂಪರ್ಕ ಮತ್ತೆ ಕೂಡುತ್ತದೆ. ಈ ಜಗ್ಗಾಟ ಒಂದು ಸೆಕೆಂಡಿನಲ್ಲಿ ನೂರಾರು ಬಾರಿ ನಡೆದು ಧ್ವನಿಯಾಗುತ್ತದೆ. ಗಾಡಿಯೊಡನೆ ಬರುವ ಚಿಕ್ಕ ಹಾರನ್ನಿಗೆ ಬೇಕಾದ ವಿದ್ಯುತ್ತು ಸ್ವಲ್ಪವೇ ಆದುದರಿಂದ ಅದರ ತಂತಿಯೂ ಗುಂಡಿಯೂ ನಾಜೂಕಿನವು. ಚಿಪ್ಪಿನ ಜೋಡಿಯೋ ಎಂಟು ಹತ್ತು ಆಂಪಿಯರ್ ಕುಡಿಯುವಂಥದು. ಕೂಸಿನ ತಲೆಯ ಮೇಲೆ ಅಕ್ಕಿಮೂಟೆ ಹೊರಿಸಿದರೆ ಆಗುವುದೇ ಆಯಿತು.

ಇದಕ್ಕೆ ಪರಿಹಾರ ರಿಲೇ ಎಂಬ ಬೆಂಕಿಪೆಟ್ಟಿಗೆಯಷ್ಟರ ಡಬ್ಬಿ. ಅದರ ಕಾಲುಗಳ ಮೇಲೆ 30, 85, 86, 87 ಎಂಬ ಅಂಕಿಗಳಿರುತ್ತವೆ. ಹಳೆಯ ಹಾರನ್ನಿಗೆ ಹೋಗುತ್ತಿದ್ದ ಎರಡು ತಂತಿಗಳನ್ನು 85 ಮತ್ತು 86ಕ್ಕೆ ಕೂಡಿಸಬೇಕು. ಬ್ಯಾಟರಿಯಿಂದ ನೇರವಾಗಿ ದಪ್ಪ ತಂತಿಯೊಂದನ್ನು, ನಡುವೆ 15 ಆಂಪಿಯರಿನ ಫ್ಯೂಸ್ ಇಟ್ಟು, 30ಕ್ಕೆ ತರಬೇಕು. 87ರಿಂದ ಹಾರನ್ನುಗಳಿಗೆ, ಅಲ್ಲಿಂದ ಗಾಡಿಯ ಚೌಕಟ್ಟಿಗೆ. ಹೀಗೆ ಮಾಡಿದರೆ ಗುಂಡಿ ಕೇವಲ ಅಪ್ಪಣೆ ಕೊಡುತ್ತದೆ. ಭಾರ ಹೊರುವುದು ರಿಲೇ. ಚಿಪ್ಪಿನ ಬಾಯಿ ಕೆಳಮುಖವಾಗಿರಬೇಕು, ಇಲ್ಲವಾದರೆ ಮಳೆಯ ನೀರು ಒಳಗೆ ನಿಂತು ಗಂಟಲು ಕಟ್ಟುತ್ತದೆ.

ಕೆಲಸ ಮುಗಿಸಿ ಅವರು ಇನ್ನೊಂದು ಮಾತು ಹೇಳಿದರು. “ಸಾರ್, ಮೊದಲೇ ನನ್ನ ಹತ್ತಿರ ಬಂದಿದ್ದರೆ ಹಳೇದಕ್ಕೇ ಜೀವ ಬರ್ತಿತ್ತೋ ಏನೋ. ತಂತಿಯ ತುದಿಗೆ ಕಿಲುಬು ಹಿಡಿದಿದೆ, ಅದನ್ನು ಉಜ್ಜಿ, ಹಿಂದಿನ ತಿರುಪನ್ನು ಕಾಲು ಸುತ್ತು ತಿರುಗಿಸಿ ನೋಡಬೇಕು. ಅರ್ಧ ಜನರ ಹಾರನ್ನಿಗೆ ರೋಗವೇ ಇರೋಲ್ಲ, ಹೊಟ್ಟೆಗಿರೋಲ್ಲ ಅಷ್ಟೆ.” ನಿಜವಿದ್ದೀತು. ಆದರೆ ಆನೆಯನ್ನು ಕಟ್ಟಿದವನಿಗೆ ಆಡಿನ ಆರೋಗ್ಯದಲ್ಲಿ ಆಸಕ್ತಿ ಎಲ್ಲಿಂದ ಬರಬೇಕು?

ಗಂಟಲು ದೊಡ್ಡದಾದ ಮೇಲೆ ನನ್ನ ನಡೆ ಬದಲಾಯಿತೆಂಬುದನ್ನು ನಾನು ಗಮನಿಸಲಿಲ್ಲ, ಮನೆಯವರು ಗಮನಿಸಿದರು. ಮುಂಚೆ ಯಾರಾದರೂ ಅಡ್ಡ ಬಂದರೆ ಕಾಯುತ್ತಿದ್ದವನು ಈಗ ಕಾಯಿಸುತ್ತಿದ್ದೆ. ಆಟೋಗಳು ಸರಿದು ದಾರಿ ಬಿಟ್ಟಾಗ ನನಗೊಂದು ಸಣ್ಣ ಸಂತೋಷವಾಗುತ್ತಿತ್ತು. ಸಂತೋಷವೆಂದರೆ ಸಂತೋಷವೇ, ಮುಚ್ಚಿಡುವುದೇಕೆ? ಕಛೇರಿಯಲ್ಲಿ ಇಪ್ಪತ್ತೆಂಟು ವರ್ಷ ಯಾರೂ ನನ್ನ ಮಾತಿಗೆ ದಾರಿ ಬಿಟ್ಟವರಲ್ಲ.

ಕಾನೂನು ಓದುತ್ತಿರುವ ಮಗಳು ಒಂದು ರಾತ್ರಿ ಊಟದ ಹೊತ್ತಿನಲ್ಲಿ ಪಾಠ ಹೇಳಿದಳು. “ಅಪ್ಪಾ, 1989ರ ಮೋಟಾರು ವಾಹನ ನಿಯಮಗಳಲ್ಲಿ 119ನೆಯದು ಏನು ಹೇಳುತ್ತೆ ಗೊತ್ತಾ? ಒಂದಾದ ಮೇಲೊಂದು ಬೇರೆಬೇರೆ ಸ್ವರ ಹೊರಡಿಸೋ ಹಾರನ್ ಕೂಡದು. ವಿಪರೀತ ಕರ್ಕಶವಾದದ್ದು, ಬೆಚ್ಚಿಬೀಳಿಸುವಂಥದ್ದೂ ಕೂಡದು. 2019ರ ತಿದ್ದುಪಡಿ ಆದಮೇಲೆ, ಅಗತ್ಯವಿಲ್ಲದೆ ಒತ್ತಿದರೆ ಮೊದಲ ಸಲ ಸಾವಿರ ರೂಪಾಯಿ ದಂಡ, ಮತ್ತೆ ಒತ್ತಿದರೆ ಎರಡು ಸಾವಿರ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರ್ ನಿಶ್ಶಬ್ದ ವಲಯ. ಮನೆಗಳಿರುವ ಕಡೆ ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ ತುರ್ತಿನ ಹೊರತು ಹಾರನ್ ಮಾಡುವ ಹಾಗೇ ಇಲ್ಲ.” ನನ್ನದು ನಾಯಿಯಂತೆ ಬೊಗಳುವುದಿಲ್ಲವಲ್ಲ ಎಂದು ವಾದಿಸಿದೆ. “ನೀವು ಒತ್ತುವ ರೀತಿ ಹಾಗಿದೆ” ಎಂದಳು.

ಮಗಳ ಮಾತಿಗೆ ಉತ್ತರವಿರಲಿಲ್ಲವಾದರೂ ಹೆಬ್ಬೆರಳು ತಗ್ಗಲಿಲ್ಲ. ತಗ್ಗಿಸಿದವರು ನಮ್ಮ ಎದುರು ಸಾಲಿನ ಅಜ್ಜಿ.

ಭಾದ್ರಪದದ ಒಂದು ಬೆಳಗ್ಗೆ, ಏಳಕ್ಕೆ ಮುಂಚೆ, ಊರಿಂದ ಬರುವ ತಮ್ಮನನ್ನು ರೈಲಿನಿಂದ ಕರೆತರಲು ಹೊರಟಿದ್ದೆ. ಗಂಟೆಗೆ ಮೂವತ್ತು ಕಿಲೋಮೀಟರಿನ ವೇಗವಿದ್ದೀತು. ಹಾಲಿನ ಬೂತಿನಿಂದ ಅಜ್ಜಿ ರಸ್ತೆ ದಾಟುತ್ತಿದ್ದರು, ಕೈಯಲ್ಲಿ ಚೀಲ, ಬೆನ್ನು ನನ್ನ ಕಡೆಗೆ. ಹಾರನ್ ಒತ್ತಿದೆ. ಎರಡು ಶ್ರುತಿಗಳೂ ಬೀದಿ ನಡುಗುವಂತೆ ಮೊಳಗಿದವು; ಮಾವಿನ ಮರದ ಕಾಗೆಗಳು ಎದ್ದವು. ಅಜ್ಜಿ ತಿರುಗಲಿಲ್ಲ. ಮತ್ತೆ ಒತ್ತಿದೆ. ಆಮೇಲೆ ಬ್ರೇಕು. ಗಾಡಿ ನಿಂತಾಗ ಮುಂದಿನ ಚಕ್ರಕ್ಕೂ ಅವರ ಸೀರೆಯ ಅಂಚಿಗೂ ನಡುವೆ ಒಂದು ಮೊಳ.

ಆಗ ಅವರು ತಿರುಗಿದರು. ನನ್ನ ಮುಖ ನೋಡಿ, ನಿಂತ ಗಾಡಿಯನ್ನು ನೋಡಿ, ಕನಿಕರದಿಂದ ಕೇಳಿದರು: “ಏನಪ್ಪಾ, ಗಾಡಿ ಕೆಟ್ಟುಹೋಯ್ತಾ?”

ಅಜ್ಜಿಗೆ ಕಿವಿ ಕೇಳಿಸುವುದಿಲ್ಲವೆಂಬುದು ಬೀದಿಗೆಲ್ಲ ತಿಳಿದ ವಿಷಯ. ನನಗೂ ತಿಳಿದಿತ್ತು. ಹೆಬ್ಬೆರಳಿಗೆ ಮಾತ್ರ ತಿಳಿದಿರಲಿಲ್ಲ.

ರೈಲು ನಿಲ್ದಾಣದ ತನಕ ನನ್ನ ಕೈ ನಡುಗುತ್ತಿತ್ತು. ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಮೂವತ್ತರ ವೇಗದಲ್ಲಿ ಗಾಡಿ ಸೆಕೆಂಡಿಗೆ ಎಂಟು ಮೀಟರಿಗೂ ಮಿಗಿಲಾಗಿ ಓಡುತ್ತದೆ; ಅರವತ್ತರಲ್ಲಿ ಹದಿನಾರಕ್ಕೂ ಮಿಗಿಲು. ಹಾರನ್ನಿನ ಫಲ ನೋಡೋಣವೆಂದು ನಾನು ಕಾದದ್ದು ಒಂದು ಸೆಕೆಂಡು. ಮೋಟಾರ್ ಸೈಕಲ್ಲಿನಲ್ಲಿ ಹಾರನ್ ಎಡಗೈಗೆ, ಮುಂಚಕ್ರದ ಬ್ರೇಕು ಬಲಗೈಗೆ. ಎರಡನ್ನೂ ಒಂದೇ ಕ್ಷಣದಲ್ಲಿ ಪ್ರಯೋಗಿಸಲು ಅಡ್ಡಿಯೇನೂ ಇಲ್ಲ. ಆಡಿನ ಮರಿಯ ಕಾಲದಲ್ಲಿ ನಾನು ಹಾಗೆಯೇ ಮಾಡುತ್ತಿದ್ದೆ, ಅದರ ದನಿಯಲ್ಲಿ ನಂಬಿಕೆಯಿಲ್ಲದ್ದರಿಂದ. ಅಂದು ಬಸ್ಸಿನ ಪಕ್ಕದಲ್ಲಿ ನನ್ನನ್ನು ಉಳಿಸಿದ್ದೂ ಬ್ರೇಕೇ. ಎಡಗೈ ಬಲಿತ ಮೇಲೆ ಬಲಗೈ ಸೋಮಾರಿಯಾಗಿತ್ತು.

ಸಂಜೆ ಈ ಪ್ರಸಂಗವನ್ನು ಹೇಳಿದಾಗ ತಮ್ಮ ಒಂದು ಕಥೆ ತೆಗೆದ. ಅಮೆರಿಕದ ಮಿಲ್ಲರ್ ರೀಸ್ ಹಚಿಸನ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಿವುಡರಿಗಾಗಿ ವಿದ್ಯುತ್ತಿನಿಂದ ನಡೆಯುವ ಶ್ರವಣಸಾಧನವೊಂದನ್ನು ನಿರ್ಮಿಸಿದನಂತೆ. ಕೆಲವೇ ವರ್ಷಗಳ ಮೇಲೆ ಅವನೇ, ಹಲ್ಲಿನ ಗಾಲಿಯೊಂದು ಲೋಹದ ಪೊರೆಯನ್ನು ಉಜ್ಜಿ ಅರಚಿಸುವ ಕ್ಲಾಕ್ಸನ್ ಹಾರನ್ನನ್ನೂ ಕಂಡುಹಿಡಿದ. ಕಿವಿಯ ಯಂತ್ರ ಮಾರಾಟವಾಗಲೆಂದೇ ಜನರನ್ನು ಕಿವುಡಾಗಿಸುತ್ತಾನೆಂದು ಆ ಕಾಲದವರು ನಗೆಯಾಡಿದರಂತೆ. ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ.

ಹಾಗೆಂದು ದೊಡ್ಡ ಹಾರನ್ನನ್ನು ಕಿತ್ತೆಸೆದೆನೆಂದು ಓದುಗರು ಭಾವಿಸಬಾರದು. ಆ ಬಸ್ಸನ್ನು ನಾನು ಮರೆತಿಲ್ಲ. ಮೊಣಕಾಲು ಚಳಿಗೆ ಈಗಲೂ ಜ್ಞಾಪಿಸುತ್ತದೆ. ಹೆದ್ದಾರಿಯಲ್ಲಿ ಲಾರಿಯ ಮಗ್ಗುಲಲ್ಲಿ ಸಿಕ್ಕಿಕೊಂಡವನಿಗೆ ದನಿಯೊಂದು ಬೇಕೇ ಬೇಕು. ಮತ್ತೆ ಆ ವೃದ್ಧ ಮೆಕ್ಯಾನಿಕ್ಕಿನ ಬಳಿಗೆ ಹೋದೆ. ಹಳೆಯ ಹಾರನ್ನಿನ ತಂತಿಯ ತುದಿ ಉಜ್ಜಿಸಿ, ತಿರುಪು ಸರಿಪಡಿಸಿ, ಅದನ್ನು ಮೊದಲಿನ ಜಾಗದಲ್ಲಿಯೇ ಕೂಡಿಸಿದೆವು. ಗುಂಡಿಯಿಂದ ಬರುವ ತಂತಿಗೆ ಎರಡು ದಾರಿಯ ಚಿಕ್ಕ ಸ್ವಿಚ್ಚೊಂದನ್ನು ಹಾಕಿದರು: ಒಂದು ಕಡೆಗೆ ತಿರುಗಿಸಿದರೆ ಹಳೆಯದು, ಇನ್ನೊಂದು ಕಡೆಗೆ ರಿಲೇ. ಊರೊಳಗೆ ಆಡು, ಹೊರಗೆ ಆನೆ. ಕಿಲುಬು ಹೋದ ಮೇಲೆ ಆಡಿನ ದನಿಯೂ ಮುಂಚಿಗಿಂತ ಬಲಿತಿದೆ. ಆದರೂ ಪೂರ್ತಿ ನಂಬುವಷ್ಟು ಬಲಿತಿಲ್ಲ, ಅಷ್ಟೇ ಇರಲಿ.

ನಿನ್ನೆ ಬೆಳಗ್ಗೆ ಅಜ್ಜಿ ಮತ್ತೆ ಹಾಲಿನ ಚೀಲದೊಡನೆ ಎದುರಾದರು. ದೂರದಲ್ಲಿಯೇ ನಿಲ್ಲಿಸಿ, ಕಾಲೂರಿ, ಅವರು ದಾಟುವವರೆಗೆ ಕಾದೆ. ಆಚೆ ಬದಿ ತಲುಪಿ ತಿರುಗಿ ನೋಡಿದರು. ಮತ್ತೆ ಅದೇ ಕನಿಕರ.

“ಅಯ್ಯೋ, ಇವತ್ತೂ ಕೆಟ್ಟಿತಾ? ಒಳ್ಳೇ ಮೆಕ್ಯಾನಿಕ್ಕಿಗೆ ತೋರಿಸಪ್ಪಾ.”

ತೋರಿಸಿದ್ದೇನೆ ಅಜ್ಜಿ ಎಂದು ಕೈಸನ್ನೆ ಮಾಡಿದೆ.