ಹುಟ್ಟಿದ ವಾರ ಯಾವುದು?

ಹುಟ್ಟಿದ ತಾರೀಖು ಎಲ್ಲ ಮಕ್ಕಳಿಗೂ ಗೊತ್ತು. ಆದರೆ ವಾರ? ಪಶ್ಚಿಮ ಆಫ್ರಿಕದ ಘಾನಾ ದೇಶದಲ್ಲಿ ಈ ಪ್ರಶ್ನೆಗೆ ತಡವರಿಸುವವರು ಕಡಿಮೆ. ಅಲ್ಲಿನ ಆಕಾನ್ ಜನರಲ್ಲಿ ವಾರದ ಮೇಲೇ ಹೆಸರು. ಶುಕ್ರವಾರ ಹುಟ್ಟಿದ ಹುಡುಗ ಕೋಫಿ, ಶನಿವಾರದವನು ಕ್ವಾಮೆ, ಶನಿವಾರದ ಹುಡುಗಿ ಅಮಾ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಶುಕ್ರವಾರ ಹುಟ್ಟಿದವರು. ನಮ್ಮ ತುಳುನಾಡಿನಲ್ಲಿ ಹಿಂದೆ ಐತ, ಅಂಗಾರ, ತುಕ್ರ, ಚನಿಯ ಎಂದು ಹೆಸರಿಡುತ್ತಿದ್ದುದೂ ಇದೇ ಲೆಕ್ಕದಲ್ಲಿ.

ಅಮೆರಿಕ, ಯೂರೋಪುಗಳ ಚರ್ಚುಗಳಿಂದ ವಿದ್ಯಾರ್ಥಿಗಳ ತಂಡಗಳು ಸೇವೆಗೆಂದು ಘಾನಾಕ್ಕೆ ಹೋಗುವುದುಂಟು. ಶಾಲೆಗೆ ಬಣ್ಣ ಬಳಿಯುವುದು, ಮಕ್ಕಳಿಗೆ ಪಾಠ ಹೇಳುವುದು ಇತ್ಯಾದಿ. 'ಬಡವರಿಗೆ ಏನಾದರೂ ಕೊಟ್ಟು ಬರೋಣ' ಎಂಬ ಭಾವನೆಯಿಂದಲೇ ಅನೇಕರು ಹೊರಡುತ್ತಾರೆ. ಆದರೆ ಭಾನುವಾರ ಚರ್ಚಿಗೆ ಹೋದೊಡನೆ ಪಾಠ ಆಗುವುದು ಅವರಿಗೇ.

ಅಲ್ಲಿ ಕಾಣಿಕೆಯ ಹೊತ್ತಿಗೆ ಡೋಲು ಮೊಳಗುತ್ತದೆ. ಎಷ್ಟೋ ಚರ್ಚುಗಳಲ್ಲಿ ಹುಟ್ಟಿದ ವಾರದಂತೆ ಏಳು ಗುಂಪು. ಒಂದೊಂದು ಗುಂಪೂ ಬಿಳಿ ಕರವಸ್ತ್ರ ಬೀಸುತ್ತ, ಕುಣಿಯುತ್ತ ಮುಂದೆ ಹೋಗಿ ಹಣ ಹಾಕುತ್ತದೆ. ಯಾವ ವಾರದವರದು ಹೆಚ್ಚಾಯಿತೆಂದು ಕೊನೆಗೆ ಸಾರುತ್ತಾರೆ, ನಗೆ, ಚಪ್ಪಾಳೆ! ಕೊಡಲೆಂದು ಬಂದ ಅತಿಥಿಯ ಕಣ್ಣೆದುರೇ ಟೊಮೆಟೊ ಮಾರುವಾಕೆ ಕುಣಿಯುತ್ತ ಕೊಡುತ್ತಾಳೆ. ತಾನು ಯಾವ ಗುಂಪಿಗೆ ಸೇರಿದವನೆಂಬುದೇ ಅತಿಥಿಗೆ ತಿಳಿಯದು.

ಮರುದಿನ ಮಾರುಕಟ್ಟೆಗೆ ಹೋದರೆ ಎರಡನೆಯ ಪಾಠ. ರಾಜಧಾನಿ ಅಕ್ರಾದ ಮಕೋಲಾ ಮಾರುಕಟ್ಟೆಯಲ್ಲಿ ವ್ಯಾಪಾರವೆಲ್ಲ ಬಹುಪಾಲು ಹೆಂಗಸರದೇ. ಟೊಮೆಟೊಗೆ ಒಬ್ಬಳು, ಗೆಣಸಿಗೆ ಒಬ್ಬಳು, ಹೀಗೆ ಒಂದೊಂದು ಸರಕಿಗೂ ಒಬ್ಬ 'ರಾಣಿ'. ಜಗಳ ಬಿಡಿಸುವುದು, ಕಷ್ಟಕಾಲದಲ್ಲಿ ಜೊತೆಯವರಿಗೆ ನೆರವಾಗುವುದು ಅವಳ ಹೊಣೆ. ಕುಶಲ ವಿಚಾರಿಸದೆ ಬೆಲೆ ಕೇಳಿದರೆ ಒರಟುತನ. ಎಡಗೈಯಲ್ಲಿ ದುಡ್ಡು ಚಾಚಿದರೆ ಅವಮಾನ. 1979ರಲ್ಲಿ ಸೈನಿಕ ಸರ್ಕಾರ, ಬೆಲೆ ಏರಿಕೆಗೆ ಈ ಹೆಂಗಸರೇ ಕಾರಣವೆಂದು ದೂರಿ, ಇಲ್ಲಿನ ಹಳೆಯ ಮಾರುಕಟ್ಟೆಯನ್ನು ನೆಲಸಮ ಮಾಡಿತು. ಬೆಲೆ ಏರಿಕೆ ಅದರಿಂದ ನಿಲ್ಲಲಿಲ್ಲ. ಹೆಂಗಸರು ಮತ್ತೆ ಬುಟ್ಟಿ ಹೊತ್ತು ಬಂದರು, ಮತ್ತೆ ವ್ಯಾಪಾರಕ್ಕೆ ಕುಳಿತರು. ಇಂಥವರನ್ನು ಬರೀ ಕನಿಕರದಿಂದ ನೋಡುವವನಿಗೆ ಇದಾವುದೂ ಕಾಣುವುದಿಲ್ಲ.

ಇದಕ್ಕೊಂದು ಹಳೆಯ ನಿದರ್ಶನವಿದೆ, ಅದು ಕನ್ನಡಿಗರಿಗೂ ಸಂಬಂಧಿಸಿದ್ದು. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1828ರಲ್ಲಿ ಇಂದಿನ ಘಾನಾಕ್ಕೂ 1834ರಲ್ಲಿ ಮಂಗಳೂರಿಗೂ ತನ್ನವರನ್ನು ಕಳಿಸಿತು. 1853ರಲ್ಲಿ ಕ್ರಿಸ್ಟಲರ್ ಎಂಬಾತ ಅತ್ತ ಹೋದ. ಅದೇ ವರ್ಷ ಕಿಟೆಲ್ ಇತ್ತ ಬಂದ. ಇಬ್ಬರೂ ಬಂದದ್ದು ಬೋಧಿಸಲು. ಆದರೆ ಜನರ ನಡುವೆ ಕುಳಿತು ಅವರ ಮಾತು ಕಲಿತರು. ಕ್ರಿಸ್ಟಲರ್ ಟ್ವಿ ಭಾಷೆಯ 3,600 ಗಾದೆಗಳನ್ನು ಸಂಗ್ರಹಿಸಿದ, 1881ರಲ್ಲಿ ನಿಘಂಟು ಹೊರತಂದ. ಕಿಟೆಲರ ಕನ್ನಡ ನಿಘಂಟು 1894ರಲ್ಲಿ ಬಂತು. ಅವರ ಉಪದೇಶಗಳನ್ನು ಇಂದು ನೆನೆಯುವವರು ಎಷ್ಟು ಮಂದಿಯೋ, ನಿಘಂಟುಗಳಂತೂ ಉಳಿದಿವೆ.

ನಮ್ಮ ಕಾಲೇಜುಗಳ ಎನ್‌ಎಸ್‌ಎಸ್ ಶಿಬಿರಗಳೂ ಹಳ್ಳಿಗೆ ಹೋಗುತ್ತವೆ. ಮಗ, ಮಗಳು ಹೊರಡುವಾಗ ಟೋಪಿ, ಟಾರ್ಚು, ಔಷಧಿ ಕಟ್ಟಿಕೊಡುವ ತಂದೆತಾಯಂದಿರು ಒಂದು ಮಾತನ್ನೂ ಜೊತೆಗೆ ಕಟ್ಟಿಕೊಡಲಿ: "ಮೊದಲು ಅವರ ಹೆಸರು ಕೇಳು, ಆಮೇಲೆ ಗುದ್ದಲಿ ಹಿಡಿ."

ಅಂದಹಾಗೆ, ನೀವು ಹುಟ್ಟಿದ ವಾರ ಯಾವುದು? ಗೊತ್ತಿಲ್ಲದಿದ್ದರೆ ಅಮ್ಮನನ್ನು ಕೇಳಿ.