ಕುರ್ಚಿ ಎಷ್ಟಿವೆ?

ಕಥೆ, ಕವಿತೆಗಳ ನಡುವೆ ಇವನೇನು ವ್ಯಾಪಾರದ ಲೆಕ್ಕ ಹಿಡಿದುಕೊಂಡು ಬಂದ ಎಂದು ಮಿತ್ರರು ಮೂಗು ಮುರಿಯಬಹುದು. ಮುರಿಯಲಿ. ನನ್ನ ಮಾವನ ವಿಷಯ ಹೇಳಿಯೇ ತೀರಬೇಕು.

ಮಾವ ಕುಂದಾಪುರದ ಕಡೆಯವರು. ಹದಿನಾರನೇ ವಯಸ್ಸಿಗೆ ಉಲ್ಹಾಸನಗರಕ್ಕೆ ಬಂದು, ಹೋಟೆಲಿನಲ್ಲಿ ಟೇಬಲ್ ಒರೆಸಿ, ದೋಸೆ ಕಾವಲಿಯ ಮುಂದೆ ನಿಂತು, ಈಗ ಗಲ್ಲಾದಲ್ಲಿ ಕೂರುತ್ತಾರೆ. ಗಲ್ಲಾ ಬೇರೆಯವರದು. ಸ್ವಂತದ್ದೊಂದು ಮಾಡಬೇಕೆಂಬುದು ಇಪ್ಪತ್ತು ವರ್ಷದ ಆಸೆ. ಕ್ಯಾಂಪಿನ ಗಲ್ಲಿಯೊಂದರಲ್ಲಿ ಜಾಗ ಸಿಕ್ಕಿತು. ಡಿಪಾಸಿಟ್ಟಿಗೆ ಅತ್ತೆಯ ಬಂಗಾರ, ಉಳಿದದ್ದಕ್ಕೆ ಮುದ್ರಾ ಸಾಲ ಎಂದಾಯಿತು. ಬ್ಯಾಂಕಿನವರು ಪ್ರಾಜೆಕ್ಟ್ ರಿಪೋರ್ಟ್ ತನ್ನಿ ಎಂದರು.

"ಅದೆಲ್ಲ ನನ್ನ ತಲಿಯಂಗೇ ಇತ್ತ್ ಮಾರಾಯ, ಕಾಗದ ಎಂತಕ್ಕೆ?" ಎಂದ ಮಾವ ಕೊನೆಗೆ ಏಜೆಂಟನೊಬ್ಬನಿಗೆ ಮೂರು ಸಾವಿರ ಕೊಟ್ಟು ಇಪ್ಪತ್ತು ಪುಟದ ಇಂಗ್ಲಿಷ್ ರಿಪೋರ್ಟ್ ಮಾಡಿಸಿದರು. ಬೈಂಡಿಂಗ್ ಬೇರೆ! ಮ್ಯಾನೇಜರು ಪುಟ ತಿರುವಿ ಕೇಳಿದ್ದು ಒಂದೇ ಪ್ರಶ್ನೆ: "ದಿನಕ್ಕೆ 300 ಗಿರಾಕಿ ಎಂದು ಬರೆದಿದೆ. ಕುರ್ಚಿ ಎಷ್ಟಿವೆ?" ಮಾವ 24 ಎಂದರು. ಹಾಗಾದರೆ ಒಂದೊಂದು ಕುರ್ಚಿಯಲ್ಲಿ ದಿನಾ ಹನ್ನೆರಡೂವರೆ ಜನ ಕೂತು ಏಳಬೇಕು. ಕಾವಲಿ ಮಾತ್ರ ಒಂದೇ. ರಿಪೋರ್ಟು ವಾಪಸಾಯಿತು. ತನ್ನ ಹೋಟೆಲಿನ ಬಗ್ಗೆ ಅದರಲ್ಲಿ ಏನು ಬರೆದಿತ್ತೆಂಬುದೇ ಮಾವನಿಗೆ ಗೊತ್ತಿರಲಿಲ್ಲ.

ಅಲ್ರೀ, ಈ ಊರನ್ನೇ ಕಟ್ಟಿದ ಸಿಂಧಿಗಳು ಯಾವ ಪ್ಲಾನು ಬರೆದಿದ್ದರು ಎಂದು ಗೆಳೆಯನೊಬ್ಬ ವಾದಿಸಿದ. ನ್ಯಾಯವಾದ ಪ್ರಶ್ನೆಯೇ. ಯುದ್ಧಕಾಲದ ಸೈನಿಕ ಶಿಬಿರದ ಬ್ಯಾರಕ್ಕುಗಳಿಗೆ ದೇಶವಿಭಜನೆಯ ನಂತರ ಬಂದಿಳಿದ ಜನ ಅವರು. 1949ರಲ್ಲಿ ಉಲ್ಹಾಸನಗರ ಎಂಬ ಹೆಸರು ಬಂತು. ಕೈ ಬರಿದಾಗಿತ್ತು, ನಿಜ. ಆದರೆ ವ್ಯಾಪಾರ ಅವರಲ್ಲಿ ಅನೇಕರಿಗೆ ಮನೆತನದ ವಿದ್ಯೆ. ತಪ್ಪಿದರೆ ಗದರಲು ಚಿಕ್ಕಪ್ಪ ಇದ್ದ, ಮಾಲು ಕೊಡಲು ಭಾವ ಇದ್ದ. ನಮ್ಮ ಉಡುಪಿ ಹೋಟೆಲುಗಳೂ ಹಾಗೇ ಬೆಳೆದವು, ಊರಿನ ಧಣಿ ಹುಡುಗನನ್ನು ಕರೆತಂದು, ಪಳಗಿಸಿ, ಕೈಹಿಡಿದು. ಮಾವನ ಹಿಂದೆ ಅಂಥವರು ಯಾರೂ ಇಲ್ಲ. ಗದರುವವರಿಲ್ಲದವನಿಗೆ ಕಾಗದವೇ ಗದರಬೇಕು.

ಒಂದು ಭಾನುವಾರ ರಾತ್ರಿ ನನ್ನ ಹಳೇ ನೋಟುಬುಕ್ಕಿನಲ್ಲಿ ನಾವಿಬ್ಬರೇ ಬರೆಯಲು ಕೂತೆವು. ಕನ್ನಡದಲ್ಲಿ. ಅಕ್ಕಿ, ಉದ್ದು, ಗ್ಯಾಸು, ಬಾಡಿಗೆ, ಇಬ್ಬರು ಹುಡುಗರ ಸಂಬಳ ಎಲ್ಲ ಸರಸರ ಬಂತು, ಮಾವನ ತಲೆಯಲ್ಲಿ ಇದ್ದದ್ದು ಸುಳ್ಳಲ್ಲ. ಮಳೆಗಾಲ ಎಂದು ಬರೆದಾಗ ಪೆನ್ನು ನಿಂತಿತು. 2005ರ ಜುಲೈ 26ರ ನೆರೆ ಮಾವ ಕಣ್ಣಾರೆ ಕಂಡವರು, ಆದರೂ ಹಿಟ್ಟು, ಫ್ರಿಜ್ಜು ಎತ್ತರದಲ್ಲಿಡಲು ಕಟ್ಟೆಯ ಖರ್ಚು ಲೆಕ್ಕದಲ್ಲಿರಲಿಲ್ಲ. ಅದು ಸಣ್ಣದು.

ದೊಡ್ಡದು ಉದ್ರಿ. ಎದುರಿನ ಜೀನ್ಸ್ ಹೊಲಿಯುವ ಕಾರಖಾನೆಯ 40 ಜನ ತಿಂಗಳ ಲೆಕ್ಕದಲ್ಲಿ ತಿನ್ನುತ್ತಾರೆ, ಅದೇ ಗಟ್ಟಿ ಗಿರಾಕಿ ಎಂದು ಮಾವ ಹಿಗ್ಗುತ್ತಿದ್ದರು. ತಲಾ ದಿನಕ್ಕೆ 60 ರೂಪಾಯಿ, 26 ದಿನ. ನಾನು ಗುಣಿಸಿ ಬರೆದೆ: 62,400. ಮೊದಲ ತಿಂಗಳು ಅಷ್ಟು ಹಣ ಬರುವುದಿಲ್ಲ. ಅಕ್ಕಿಯವನಿಗೆ, ಗ್ಯಾಸಿನವನಿಗೆ ಮಾತ್ರ ಕೊಡಲೇಬೇಕು. ಮಾವ ಆ ಅಂಕಿಯನ್ನೇ ನೋಡುತ್ತಾ ಕೂತರು. ಅತ್ತೆ ಅಡುಗೆಮನೆಯಿಂದ ಬಂದು, "ಎಷ್ಟಾಯ್ತು?" ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ಬಳೆಗಳು ಇನ್ನೂ ಅವರ ಕೈಯಲ್ಲೇ ಇದ್ದವು.

ಕಾಮರ್ಸಿನ ಗೆಳೆಯರು ಪ್ರಾಜೆಕ್ಟನ್ನು ಹಿಂದಿನ ವರ್ಷದವರಿಂದ ಇಳಿಸಿಕೊಂಡು ಅಂಕ ಗಿಟ್ಟಿಸುವುದನ್ನು ಬಲ್ಲೆ. ಆ ಏಜೆಂಟ್ ಮಾಡಿದ್ದೂ ಅದನ್ನೇ. ಅಂಥ ಕಾಗದಕ್ಕೆ ಮಾವ ಬೈದದ್ದರಲ್ಲಿ ತಪ್ಪೇನೂ ಇಲ್ಲ. ತಾನೇ ಕೂತು, ತನಗೆ ಅರ್ಥವಾಗುವ ಭಾಷೆಯಲ್ಲಿ ಬರೆದದ್ದಕ್ಕೇ ಬೆಲೆ. ಬ್ಯಾಂಕಿಗೆ ಇಂಗ್ಲಿಷೋ ಮರಾಠಿಯೋ ಬೇಕಾದರೆ ಆಮೇಲೆ ಮಾಡಿಕೊಟ್ಟರಾಯಿತು. ಆ ಕೆಲಸ ನಮ್ಮಂಥ ಕನ್ನಡ ಹುಡುಗರು ಮಾಡಬಹುದಲ್ಲ, ಸಂಘದ ಕೋಣೆ ಸಂಜೆ ಖಾಲಿಯೇ ಇರುತ್ತದೆ.

ಹೋಟೆಲು ಇನ್ನೂ ತೆರೆದಿಲ್ಲ. ಮೊನ್ನೆ ನೋಟುಬುಕ್ ತೆಗೆದು ನೋಡಿದೆ. ಉದ್ರಿಯ ಸಾಲಿನ ಪಕ್ಕ ಮಾವನ ಸೊಟ್ಟ ಅಕ್ಷರದಲ್ಲಿ ಹೊಸದಾಗಿ ಬರೆದಿತ್ತು: "ವಾರಕ್ಕೊಮ್ಮೆ ಕೊಡ್ತಾರಾ, ಕೇಳುವುದು."