ಸವೆತ ಹಿಂದೆ, ಎಚ್ಚರ ಮುಂದೆ
ಈ ವಾರ ವಿನೋಬನಗರದ ಪಂಕ್ಚರ್ ಅಂಗಡಿಯೊಂದರ ಮುಂದೆ ಬಿಚ್ಚಿ ಒಟ್ಟಿದ್ದ ಬೈಕ್ ಟೈರುಗಳನ್ನು ನೋಡಿದೆ. ಹೆಚ್ಚುಕಡಿಮೆ ಎಲ್ಲವೂ ಹಿಂಚಕ್ರದವು, ನಡುವೆ ಎರಡು ಬೆರಳಗಲ ನುಣ್ಣಗಾಗಿ, ಅಂಚಿನಲ್ಲಷ್ಟೇ ಗ್ರಿಪ್ ಉಳಿದವು. ಹರಿಹರಕ್ಕೆ ದಿನಾ ನೇರ ರಸ್ತೆಯಲ್ಲಿ ಹೋಗಿಬರುವ ಗಾಡಿಗೆ ಇದು ಸಹಜ: ಎಂಜಿನ್ನಿನ ಎಳೆತ, ಹಿಂದೆ ಕೂತವರ ಭಾರ, ಕಟ್ಟಿದ ಅಕ್ಕಿ ಚೀಲ, ಎಲ್ಲ ಬೀಳುವುದು ಹಿಂದಿನ ಟೈರಿಗೇ. ಮುಂದಿನದು ನಿಧಾನ ಸವೆಯುವುದರಿಂದ ಅದನ್ನು ಮರೆತುಬಿಡುತ್ತೇವೆ. ಅಪಾಯ ಇರುವುದು ಅಲ್ಲೇ. ಬ್ರೇಕ್ ಒತ್ತಿದ ಕ್ಷಣ ಗಾಡಿಯ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಬಹುಪಾಲು ಮುಂಚಕ್ರದ್ದೇ. ಹಿಂದಿನದು ಜಾರಿದರೆ ಸಂಭಾಳಿಸಲು ಒಂದು ಗಳಿಗೆ ಸಿಕ್ಕೀತು, ಮುಂದಿನದು ಜಾರಿದರೆ ನೆಲವೇ ಗತಿ. ಹಿಂದಿನದು ಎತ್ತಿನ ಹೆಗಲಾದರೆ ಮುಂದಿನದು ಮೂಗುದಾರ: ಹೆಗಲು ಸವೆದದ್ದು ಕಣ್ಣಿಗೆ ಬೀಳುತ್ತದೆ, ದಾರ ಒಣಗಿದ್ದು ಬೀಳುವುದಿಲ್ಲ. ಗ್ರಿಪ್ ಇದೆಯಲ್ಲ ಎಂದು ಬಿಟ್ಟ ಟೈರು ವರ್ಷಗಳ ಬಿಸಿಲಿಗೆ ಗಡುಸಾಗಿ, ಗ್ರಿಪ್ಪಿನ ಬುಡದಲ್ಲಿ ಕೂದಲೆಳೆಯಂಥ ಬಿರುಕು ಬಿಟ್ಟಿರುತ್ತದೆ. ಅದರ ಪಕ್ಕೆಯ ಮೇಲಿನ ನಾಲ್ಕು ಅಂಕಿ ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಹಿಂದಿನ ಟೈರನ್ನು ಸವೆತ ನೋಡಿ ಬದಲಿಸಿ, ಮುಂದಿನದನ್ನು ವಯಸ್ಸನ್ನೂ ನೋಡಿ ಬದಲಿಸಿ. ಮಳೆಗಾಲ ಹಿಡಿಯುವ ಮೊದಲೇ ಬದಲಿಸಿ.